ಹಿರಿಯ ಹೆಂಡತಿ, ಕಿರಿಯ ಗಂಡ: ಫ್ರೆಂಚ್ ಲೇಖಕಿ ಕೊಲೆಟಳ ಜೀವನ

ಹಳೆಯ ಪ್ಯಾರಿಸ್ ನಗರದ ವೈಭವವನ್ನು ತೋರಿಸುವ ‘ಶೇರಿ’ ಎಂಬ ಇಂಗ್ಲಿಷ್ ಚಲಚ್ಚಿತ್ರವು 2009ರಲ್ಲಿ ತೆರೆಕಂಡಿತು. ಐವತ್ತರ ಅಂಚಿನಲ್ಲಿರುವ ಲೇಯಾ ಎಂಬ ಗಣಿಕೆಯೂ ಅವಳ ಅರ್ಧದಷ್ಟು ವಯಸ್ಸಿನ ತರುಣನೂ ಆರು ವರ್ಷ ಜೊತೆಗಿದ್ದು, ಅವನ ತಾಯಿ ಶ್ರೀಮಂತ ಕನ್ಯೆಯೊಬ್ಬಳನ್ನು ಗೊತ್ತುಮಾಡಿದಾಗ ಅಗಲಬೇಕಾಗುವುದೇ ಅದರ ಕಥೆ. ಮೂಲವು 1920ರಲ್ಲಿ ಪ್ರಕಟವಾದ ಫ್ರೆಂಚ್ ಕಾದಂಬರಿ. ಅದನ್ನು ಬರೆದ ಕೊಲೆಟಳ ಜೀವನವು ಚಿತ್ರಕ್ಕಿಂತಲೂ ಸ್ವಾರಸ್ಯವಾದುದೆಂದು ತೋರಿದುದರಿಂದ ಅದನ್ನು ವಾಚಕರ ಮುಂದಿಡುತ್ತಿದ್ದೇವೆ.

ಕೊಲೆಟ್ 1873ರ ಜನವರಿ 28ರಂದು ಬರ್ಗಂಡಿ ಪ್ರಾಂತದ ಹಳ್ಳಿಯೊಂದರಲ್ಲಿ ಜನಿಸಿದಳು. ಯುದ್ಧದಲ್ಲಿ ಕಾಲು ಕಳೆದುಕೊಂಡ ತಂದೆಯು ತೆರಿಗೆ ವಸೂಲಿಯ ಕೆಲಸದಲ್ಲಿದ್ದನು. ಸಾಲದಿಂದ ಮನೆತನ ಕುಸಿಯಿತು. 1893ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಆಕೆ ‘ವಿಲಿ’ ಎಂಬ ಹೆಸರಿನಿಂದ ಪುಸ್ತಕಗಳನ್ನು ಹೊರತರುತ್ತಿದ್ದ ಪ್ಯಾರಿಸಿನ ಗೃಹಸ್ಥನ ಕೈಹಿಡಿದಳು. ವರನು ಹದಿನಾಲ್ಕು ವರ್ಷ ಹಿರಿಯ. ಗಂಡನು ಎಷ್ಟು ಹಿರಿಯನಾದರೂ ಲೋಕದ ಕಣ್ಣಿಗೆ ಅದು ದೋಷವಲ್ಲವಷ್ಟೆ!

ಈ ವಿಲಿಯು ಬೇರೆಯವರಿಂದ ಬರೆಯಿಸಿ ತನ್ನ ಹೆಸರು ಹಾಕಿಕೊಳ್ಳುವುದರಲ್ಲಿ ನಿಸ್ಸೀಮ. ಹೆಂಡತಿಯ ಕೈಯಿಂದಲೂ ಆಕೆಯ ಶಾಲಾದಿನಗಳ ಕಥೆಯನ್ನು ಬರೆಯಿಸಿದನು. 1900ರಲ್ಲಿ ಹೊರಬಂದ ಆ ‘ಕ್ಲೋದೀನ್’ ಪುಸ್ತಕವೂ ಅದರ ಮುಂದಿನ ಭಾಗಗಳೂ ಅಪಾರವಾಗಿ ಮಾರಾಟವಾದವು. ಹೆಸರೂ ಹಣವೂ ವಿಲಿಯವು. ಬಳಿಕ ಅವುಗಳ ಹಕ್ಕನ್ನು ಆಕೆಗೆ ತಿಳಿಸದೆಯೇ ಮಾರಿಬಿಟ್ಟನು. ಬೆವರು ಒಬ್ಬರದು, ಬೋರ್ಡು ಇನ್ನೊಬ್ಬರದು ಎಂಬುದು ನಮ್ಮ ವಾಚಕರಿಗೆ ಅಪರಿಚಿತವಾದ ಸಂಗತಿಯೇನಲ್ಲ.

1906ರಲ್ಲಿ ಆಕೆ ಅವನಿಂದ ಬೇರೆಯಾಗಿ, ಹೊಟ್ಟೆಪಾಡಿಗಾಗಿ ರಂಗಮಂಚವನ್ನೇರಿ ಮೂಕಾಭಿನಯ ಮಾಡುತ್ತ ಊರೂರು ತಿರುಗಿದಳು. 1912ರಲ್ಲಿ ಪತ್ರಿಕಾ ಸಂಪಾದಕನೊಬ್ಬನನ್ನು ಮದುವೆಯಾದಳು. ಒಬ್ಬಳು ಮಗಳು ಹುಟ್ಟಿದಳು. ‘ಶೇರಿ’ ಪ್ರಕಟವಾದ ವರ್ಷವೇ, ಇನ್ನೂ ಪ್ರಾಯಕ್ಕೆ ಬಾರದ ಮಲಮಗನೊಡನೆ ಆಕೆಯ ಅನುಚಿತ ಸಂಬಂಧ ಆರಂಭವಾಯಿತು. ಆ ಮದುವೆಯೂ ಮುರಿಯಿತು. ಮನೆಯ ಹುಡುಗನ ವಿಷಯದಲ್ಲಿ ಆಕೆ ಮಾಡಿದುದು ತಪ್ಪೇ. ಕೀರ್ತಿವಂತೆಯೆಂದು ಅದನ್ನು ಮುಚ್ಚಿಡುವುದು ನಮಗೆ ಸರಿಕಾಣುವುದಿಲ್ಲ.

1925ರಲ್ಲಿ ಮುತ್ತಿನ ವ್ಯಾಪಾರಿ ಮೋರಿಸ್ ಗೂಡೆಕೆಯ ಪರಿಚಯವಾಯಿತು. ಆತನು ಆಕೆಗಿಂತ ಹದಿನಾರು ವರ್ಷ ಕಿರಿಯ. ಹತ್ತು ವರ್ಷಗಳ ಒಡನಾಟದ ಬಳಿಕ, 1935ರಲ್ಲಿ, ಇಬ್ಬರೂ ಮದುವೆಯಾದರು. ಆಗ ಆಕೆಗೆ ಅರವತ್ತೆರಡು. ‘ನಾರ್ಮಂಡಿ’ ಹಡಗಿನ ಪ್ರಥಮ ಯಾನದಲ್ಲಿ ನ್ಯೂಯಾರ್ಕಿಗೆ ಹೋಗುವುದಿತ್ತು. ಮದುವೆಯಾಗದವರಿಗೆ ಅಲ್ಲಿನ ಹೋಟೆಲುಗಳಲ್ಲಿ ಒಂದೇ ಕೋಣೆ ಸಿಗದೆಂಬುದೂ ಈ ಮದುವೆಗೆ ಕಾರಣವೆಂಬ ಮಾತುಂಟು. ಹೋಟೆಲಿನವರು ಮದುವೆ ಮಾಡಿಸಿದ ಪುಣ್ಯ!

ಇದಕ್ಕೆ ಮುಂಚೆ, 1932ರಲ್ಲಿ, ಆಕೆ ಪ್ಯಾರಿಸಿನಲ್ಲಿ ಸೌಂದರ್ಯಸಾಧನಗಳ ಅಂಗಡಿಯೊಂದನ್ನು ತೆರೆದಿದ್ದಳು. ಅದು ಬಹುಕಾಲ ನಡೆಯಲಿಲ್ಲ. ಬೋರ್ಡಿನ ಮೇಲೆ ದೊಡ್ಡ ಹೆಸರಿದ್ದ ಮಾತ್ರಕ್ಕೆ ಗಲ್ಲಾಪೆಟ್ಟಿಗೆ ತುಂಬದೆಂಬುದು ಗಲ್ಲೆಯ ಮೇಲೆ ಕುಳಿತ ನಮಗೂ ತಿಳಿದಿದೆ.

ನಿಜವಾದ ಪರೀಕ್ಷೆ ಬಂದುದು ಯುದ್ಧಕಾಲದಲ್ಲಿ. ಗೂಡೆಕೆಯು ಯಹೂದಿ. 1941ರ ಡಿಸೆಂಬರಿನಲ್ಲಿ ಜರ್ಮನರು ಆತನನ್ನು ಬಂಧಿಸಿ ಕೋಂಪಿಯೆನ್ ಶಿಬಿರಕ್ಕೆ ಒಯ್ದರು. ಅಲ್ಲಿಂದ ಮರಣಶಿಬಿರಗಳಿಗೆ ಹೋದವರು ಅನೇಕರು. ಅರವತ್ತೆಂಟರ ಆ ಹೆಂಗಸು, ಸಂಧಿವಾತದ ನೋವಿನಲ್ಲೇ, ಬಲ್ಲವರನ್ನೆಲ್ಲ ಬೇಡಿದಳು. ಜರ್ಮನ್ ರಾಯಭಾರಿಯ ಫ್ರೆಂಚ್ ಪತ್ನಿಯವರೆಗೂ ಮೊರೆಯನ್ನು ಮುಟ್ಟಿಸಿದಳು. ಸುಮಾರು ಎರಡು ತಿಂಗಳ ಮೇಲೆ ಗಂಡನು ಬಿಡುಗಡೆಯಾಗಿ ಬಂದನು. ಆಮೇಲೂ ಮತ್ತೆ ಬಂಧನದ ಭಯ ತಪ್ಪಲಿಲ್ಲ.

ಕಾದಂಬರಿಯಲ್ಲಿ ಲೇಯಾ ತನ್ನ ಮುಪ್ಪನ್ನು ಅರಿತು ತರುಣನನ್ನು ಕಳುಹಿಸಿಬಿಡುತ್ತಾಳೆ. ಕೊಲೆಟಳ ಮನೆಯಲ್ಲಿ ಹಾಗಾಗಲಿಲ್ಲ. ಕೊನೆಯ ವರ್ಷಗಳಲ್ಲಿ ಆಕೆ ನಡೆಯಲಾರದೆ ಪಾಲೆ ರೊಯಾಲ್ ಉದ್ಯಾನದ ಕಡೆಗೆ ತೆರೆದ ಕಿಟಕಿಯ ಬಳಿ, ಹಾಸಿಗೆಯ ಮೇಲೆಯೇ, ನೀಲಿ ಕಾಗದ ಹೊದಿಸಿದ ದೀಪದ ಬೆಳಕಿನಲ್ಲಿ ಬರೆಯುತ್ತಿದ್ದಳು. ಗೂಡೆಕೆಯು ಪಕ್ಕದಲ್ಲಿದ್ದು ಆರೈಕೆ ಮಾಡಿದನು.

1954ರ ಆಗಸ್ಟ್ 3ರಂದು ಆಕೆ ತೀರಿಕೊಂಡಳು. ವಿವಾಹವಿಚ್ಛೇದನಗಳ ಕಾರಣದಿಂದ ಇಗರ್ಜಿಯು ಧಾರ್ಮಿಕ ಸಂಸ್ಕಾರವನ್ನು ನಿರಾಕರಿಸಿತು. ಫ್ರೆಂಚ್ ಸರಕಾರವಾದರೋ ರಾಷ್ಟ್ರಗೌರವದೊಡನೆ ಆಕೆಯನ್ನು ಕಳುಹಿಸಿಕೊಟ್ಟಿತು. ಆ ದೇಶದ ಲೇಖಕಿಯರಲ್ಲಿ ಆ ಗೌರವ ಪಡೆದ ಮೊದಲಿಗಳು ಆಕೆಯೇ. ಎರಡು ವರ್ಷಗಳ ಬಳಿಕ ಗೂಡೆಕೆಯು ಆಕೆಯ ಸಾಮೀಪ್ಯದಲ್ಲಿ ಕಳೆದ ದಿನಗಳನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದನು. ಅದನ್ನು ತನ್ನ ಹೆಸರಿನಲ್ಲಿ ತಾನೇ ಬರೆದನು.