ಫಿರ್‌ಔನ್ ಎರಡನೇ ರಾಮ್ಸೆಸ್

ಪ್ರಾಚೀನ ಈಜಿಪ್ಟಿನ ಅರಸರಿಗೆ ಫಿರ್‌ಔನ್ ಎಂಬುದು ಬಿರುದು. ಅವರಲ್ಲಿ ಎರಡನೇ ರಾಮ್ಸೆಸ್ ಸುಮಾರು ಕ್ರಿ.ಪೂ. 1279ರಿಂದ 66 ವರ್ಷ ಆಳಿದನು. ಮೂಸಾ(ಅ)ರ ಕಾಲದ ಫಿರ್‌ಔನ್ ಇವನೇ ಎನ್ನುವವರಿದ್ದಾರೆ; ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

ಪಟ್ಟವೇರಿದ ಐದನೇ ವರ್ಷ ಅವನು ನಾಲ್ಕು ದಂಡುಗಳೊಂದಿಗೆ ಸಿರಿಯಾದ ಕಾದೇಶ್ ನಗರದತ್ತ ಹೊರಟನು. ಇಂದಿನ ತುರ್ಕಿಯಲ್ಲಿ ನೆಲೆಸಿದ್ದ ಹಿಟೈಟರು ಅವನ ಎದುರಾಳಿಗಳು. ದಾರಿಯಲ್ಲಿ ಸಿಕ್ಕ ಇಬ್ಬರು ಅಲೆಮಾರಿಗಳು ಶತ್ರುಸೇನೆ ಬಹಳ ದೂರದಲ್ಲಿದೆ ಎಂದರು. ವಿಚಾರಿಸದೆ ನಂಬಿದ ಅರಸನು ಮುಂದೆ ನುಗ್ಗಿದನು. ಅವರನ್ನು ಕಳುಹಿಸಿದ್ದೇ ಹಿಟೈಟರು! ಅವರ ಸೇನೆ ಊರಿನ ಹಿಂದೆಯೇ ಅಡಗಿತ್ತು. ರಥಗಳ ದಾಳಿಗೆ ಒಂದು ದಂಡು ಚೆಲ್ಲಾಪಿಲ್ಲಿಯಾಯಿತು. ಅರಸನೇ ಶತ್ರುಗಳ ನಡುವೆ ಸಿಕ್ಕಿಬಿದ್ದನು. ನೆರವಿನ ಪಡೆ ಬಂದು ಸೇರಿದ್ದರಿಂದ ಉಳಿದುಕೊಂಡನು. ಕಾದೇಶ್ ಕೈಗೆ ಬರಲಿಲ್ಲ. ಆದರೂ ದೇವಾಲಯಗಳ ಗೋಡೆಗಳಲ್ಲಿ ಅದನ್ನು ತನ್ನೊಬ್ಬನ ಮಹಾವಿಜಯವೆಂದು ಕೆತ್ತಿಸಿದನು.

ಈ ದಂಡಿಗೂ ಗುಡಿ ಕಟ್ಟಿದವರಿಗೂ ಅನ್ನ ಬಂದದ್ದು ನೈಲ್ ನದಿಯ ನೆರೆ ಇಳಿದ ಹೊಲಗಳಲ್ಲಿ ದುಡಿದ ರೈತನಿಂದ. ಆಗ ನಾಣ್ಯವಿರಲಿಲ್ಲ. ವಜೀರನ ಕೈಕೆಳಗಿನ ಲಿಪಿಕಾರರು ಬೆಳೆಯನ್ನು ಅಳೆದು ಕಂದಾಯ ಪಡೆಯುತ್ತಿದ್ದರು. ಆ ಧಾನ್ಯವೇ ಕೆಲಸಗಾರರ ಸಂಬಳ. ಗೋಡೆಗಳಲ್ಲಿ ಮೆರೆದದ್ದು ಮಾತ್ರ ಅರಸನ ಹೆಸರು.

ಅವನ ನಿಜವಾದ ಹಿರಿಮೆ ಬೇರೆಯೇ ಇದೆ. ಆಳ್ವಿಕೆಯ 21ನೇ ವರ್ಷ, ಸುಮಾರು ಕ್ರಿ.ಪೂ. 1259ರಲ್ಲಿ, ಹಿಟೈಟ್ ಅರಸ ಹತ್ತುಸಿಲಿಯೊಂದಿಗೆ ಸಂಧಿ ಮಾಡಿಕೊಂಡನು. ಪರಸ್ಪರ ದಂಡೆತ್ತಬಾರದು, ಹೊರಗಿನ ಶತ್ರು ಬಂದರೆ ನೆರವಾಗಬೇಕು, ಓಡಿಬಂದವರನ್ನು ಮರಳಿ ಒಪ್ಪಿಸಬೇಕು, ಆದರೆ ಅವರನ್ನು ಶಿಕ್ಷಿಸಬಾರದು! ಅವನ ಉಳಿದ ನಾಲ್ಕು ದಶಕಗಳಲ್ಲಿ ಆ ಎರಡು ರಾಜ್ಯಗಳ ನಡುವೆ ಮತ್ತೆ ಯುದ್ಧ ನಡೆಯಲಿಲ್ಲ.

ಹಿರಿಯ ಮಕ್ಕಳೆಲ್ಲ ಅವನಿಗಿಂತ ಮೊದಲೇ ತೀರಿಕೊಂಡುದರಿಂದ 13ನೇ ಮಗ ಮೆರ್ನೆಪ್ತಾ ಪಟ್ಟಕ್ಕೆ ಬಂದನು. 1881ರಲ್ಲಿ ಪತ್ತೆಯಾದ ರಾಮ್ಸೆಸನ ಶವವನ್ನು 2021ರಲ್ಲಿ ಕೈರೋದ ಹೊಸ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು.