ಊರು ಇಟ್ಟ ಹೆಸರು

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ತಳುಕು ಎಂಬ ಊರಿದೆ. ಆಚಾರ್ಯ ಟಿ.ಎಸ್. ವೆಂಕಣ್ಣಯ್ಯನವರ ಮನೆತನದ ಊರು ಅದು. ಅದೇ ಮನೆತನದಲ್ಲಿ ಹುಟ್ಟಿ, ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲ ಅಕ್ಷರವಾಗಿ ಹೊತ್ತವರು ತ.ರಾ. ಸುಬ್ಬರಾಯರು, ನಮ್ಮೆಲ್ಲರ ತರಾಸು. ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಗೆ ಜೀವ ತುಂಬಿದ ಕಾದಂಬರಿಕಾರರೆಂದು ಅವರನ್ನು ಸ್ಮರಿಸುವುದು ವಾಡಿಕೆ. ಆದರೆ ಅವರ ಸಾಮಾಜಿಕ ಕಾದಂಬರಿಗಳನ್ನು ಮತ್ತೆ ಓದುವಾಗಲೆಲ್ಲ ನನಗೆ ಬೇರೊಂದು ಪ್ರಶ್ನೆಯೇ ಎದುರಾಗುತ್ತದೆ: ಮನುಷ್ಯ ದಾರಿ ತಪ್ಪುವುದೇಕೆ?

ತರಾಸು ಹುಟ್ಟಿದ್ದು 1920ರ ಏಪ್ರಿಲ್ 21ರಂದು, ಮಲೆಬೆನ್ನೂರಿನಲ್ಲಿ. 1942ರ ಚಳವಳಿ ಬಂದಾಗ ಓದನ್ನು ಅರ್ಧಕ್ಕೇ ಬಿಟ್ಟು ಅದಕ್ಕೆ ಧುಮುಕಿದರು, ಸೆರೆಮನೆಯನ್ನೂ ಕಂಡರು. ಸರ್ಕಾರದ ಕಡತದಲ್ಲಿ ಯಾವುದು ಅಪರಾಧವೋ ಜನರ ಮನಸ್ಸಿನಲ್ಲಿ ಅದೇ ತ್ಯಾಗವಾಗಿದ್ದ ಕಾಲ ಅದು. ಕೃತ್ಯವೊಂದು ತನ್ನಷ್ಟಕ್ಕೆ ತಾನೇ ಅಪರಾಧವಾಗುವುದಿಲ್ಲ, ಸಮಾಜದ ಸಾಮೂಹಿಕ ಮನಸ್ಸನ್ನು ನೋಯಿಸಿದಾಗ ಅಪರಾಧವೆನಿಸುತ್ತದೆ ಎಂದು ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ 19ನೆಯ ಶತಮಾನದ ಕೊನೆಯಲ್ಲಿ ವಾದಿಸಿದ್ದರು. ಆ ತತ್ತ್ವ ಪುಸ್ತಕದ ಹಂಗಿಲ್ಲದೆಯೇ ನಮ್ಮ ತರುಣನಿಗೆ ಅನುಭವವೇದ್ಯವಾಗಿದ್ದಿರಬೇಕು ಎಂದು ನಾನು ಊಹಿಸುತ್ತೇನೆ.

ಮುಂದೆ ಅವರು ಪತ್ರಿಕೋದ್ಯೋಗಿಯಾದರು, ಅ.ನ. ಕೃಷ್ಣರಾಯರೊಡನೆ ಪ್ರಗತಿಶೀಲ ಸಾಹಿತ್ಯದ ಮುಂಚೂಣಿಯಲ್ಲಿ ನಿಂತರು. ಸಮಾಜ ಮುಖ ತಿರುಗಿಸಿದವರ ಕಡೆಗೇ ಆ ಪಂಥ ಮುಖ ಮಾಡಿತು. ತರಾಸು ಅವರ ‘ನಾಗರಹಾವು’ ಕಾದಂಬರಿಯ ರಾಮಾಚಾರಿ ಅಂಥವನೊಬ್ಬ. ದುರ್ಗದ ಈ ಹುಡುಗ ಮುಂಗೋಪಿ, ಹಟಮಾರಿ, ಆದರೆ ಕೆಟ್ಟವನಲ್ಲ. ಊರು ಅವನನ್ನು ಪುಂಡನೆಂದು ತೀರ್ಮಾನಿಸಿತು. ಅವನ ಎದೆಯೊಳಗಿನ ಪ್ರೀತಿಯನ್ನು ಕಂಡವರು ಚಾಮಯ್ಯ ಮೇಷ್ಟ್ರು. ಒಬ್ಬನಿಗೆ ಕೆಟ್ಟವನೆಂಬ ಹೆಸರಿಟ್ಟರೆ ಅವನು ಆ ಹೆಸರಿಗೆ ತಕ್ಕಂತೆಯೇ ಬೆಳೆಯುತ್ತಾನೆಂದು ಅಮೆರಿಕದ ಫ್ರಾಂಕ್ ಟ್ಯಾನೆನ್‌ಬಾಮ್ 1938ರಲ್ಲಿಯೂ ಹೋವರ್ಡ್ ಬೆಕರ್ 1963ರಲ್ಲಿಯೂ ಪ್ರತಿಪಾದಿಸಿದರು. ನಮ್ಮ ಓದುಗರಿಗೆ ಆ ಸತ್ಯವನ್ನು ಕಲಿಸಿದವನು ರಾಮಾಚಾರಿ.

1972ರಲ್ಲಿ ಪುಟ್ಟಣ್ಣ ಕಣಗಾಲರು ಈ ಕಾದಂಬರಿಯೊಡನೆ ತರಾಸು ಅವರ ಇನ್ನೆರಡು ಕೃತಿಗಳನ್ನು ಬೆಸೆದು ಚಲನಚಿತ್ರ ಮಾಡಿದರು. ಚಿತ್ರ ಜನಪ್ರಿಯವಾಯಿತು, ಲೇಖಕರಿಗೆ ಮಾತ್ರ ಅದು ತೃಪ್ತಿ ತರಲಿಲ್ಲ. ಆದರೂ ಆ ಚಿತ್ರದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಜಾತಿಯ ಕಟ್ಟಿಗೆ ಮಣಿದು, ಅಲಮೇಲುವಿನ ಮೇಲಿನ ಪ್ರೀತಿಯನ್ನು ತೊರೆಯುವಂತೆ ರಾಮಾಚಾರಿಯನ್ನು ಒಪ್ಪಿಸುವವರು ಅದೇ ಚಾಮಯ್ಯ ಮೇಷ್ಟ್ರು. ಬೇರೊಬ್ಬನನ್ನು ಕೈಹಿಡಿದ ಅಲಮೇಲು ಕೊನೆಗೆ ವೇಶ್ಯಾವಾಟಿಕೆಗೆ ಬೀಳುತ್ತಾಳೆ. ಕಟ್ಟಳೆಯನ್ನು ಮುರಿದುದರಿಂದ ಬಂದ ಪತನ ಇದಲ್ಲ, ಪಾಲಿಸಿದುದರಿಂದ ಬಂದದ್ದು. ‘ಮಸಣದ ಹೂವು’ ಕಾದಂಬರಿಯಲ್ಲಿಯೂ ತರಾಸು ಮೈಮಾರುವ ಹೆಂಗಸರ ಲೋಕವನ್ನು ಕರುಣೆಯಿಂದ ಕಂಡರು.

ಹಾಗಾದರೆ ತಪ್ಪೆಲ್ಲ ಸಮಾಜದ್ದೇ, ವ್ಯಕ್ತಿಯದು ಏನೂ ಇಲ್ಲವೆ? ಆಸೆಗಳನ್ನು ಎಲ್ಲರಿಗೂ ಹಂಚಿ ದಾರಿಗಳನ್ನು ಕೆಲವರಿಗೆ ಮಾತ್ರ ತೆರೆಯುವ ಸಮಾಜದಲ್ಲಿ ಅಡ್ಡದಾರಿಗಳು ಹುಟ್ಟುತ್ತವೆಂದು ರಾಬರ್ಟ್ ಮರ್ಟನ್ 1938ರಲ್ಲಿ ವಿವರಿಸಿದರು. ಆದರೆ ಮಳೆ ಕಾಣದ ಈ ಸೀಮೆಯಲ್ಲಿ ಬಡತನವನ್ನುಂಡೂ ಪರರ ಸೊತ್ತನ್ನು ಮುಟ್ಟದವರೇ ಹೆಚ್ಚು. ವಿವರಣೆ ಕ್ಷಮೆಯಲ್ಲ. ರಾಮಾಚಾರಿಯ ಸಿಟ್ಟಿನ ಹೊಣೆ ರಾಮಾಚಾರಿಯದೇ. ಆದರೆ ಆ ಸಿಟ್ಟಿಗೆ ಸೌದೆ ಒಟ್ಟಿದ ಕೈಗಳನ್ನು ಎಣಿಸದೆ ಕೊಡುವ ತೀರ್ಪು ಅರೆತೀರ್ಪು.

ನಾನು ಈ ಮಾತನ್ನು ಹಗುರವಾಗಿ ಆಡುತ್ತಿಲ್ಲ. ಅಧ್ಯಾಪಕನಾದ ಹೊಸತರಲ್ಲಿ, ಕಾಣೆಯಾದ ಪುಸ್ತಕವೊಂದಕ್ಕಾಗಿ ಹುಡುಗನೊಬ್ಬನನ್ನು ತರಗತಿಯ ಮುಂದೆ ಕಳ್ಳನೆಂದು ಕರೆದೆ. ಪುಸ್ತಕ ಮರುದಿನ ನನ್ನ ಮೇಜಿನಲ್ಲಿಯೇ ಸಿಕ್ಕಿತು. ಹುಡುಗ ಮತ್ತೆ ಶಾಲೆಗೆ ಬರಲಿಲ್ಲ.

ತಳುಕಿನಿಂದ ಮುಂದೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ, ಜೀವದಯೆ, ಸತ್ಯ, ಗುರುವಿಗೆ ಶಿಷ್ಯನ ಗೌರವ — ಇವು ಅದು ಸಾರುವ ಧರ್ಮ. ಆ ಬಂಡೆಯ ಮುಂದೆ ನಿಂತಾಗ, ಗುರುವಿಗೆ ಶಿಷ್ಯ ಸಲ್ಲಿಸಬೇಕಾದುದರ ಜೊತೆಗೆ ಶಿಷ್ಯನಿಗೆ ಗುರು ಸಲ್ಲಿಸಬೇಕಾದುದೂ ನನಗೆ ನೆನಪಾಗುತ್ತದೆ. ಅದನ್ನು ಕಲಿಸಿದವರು ತರಾಸು.

ಅವರು 1984ರ ಏಪ್ರಿಲ್ 10ರಂದು ತೀರಿಕೊಂಡರು. ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಾಗ ಅದನ್ನು ಸ್ವೀಕರಿಸಲು ಅವರಿರಲಿಲ್ಲ. ಆ ಬೃಹತ್ ಕೃತಿಯ ಕೀರ್ತಿ ಉಳಿಯಲಿ. ಆದರೆ ಅಧ್ಯಾಪಕರು ತಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಬೇಕಾದದ್ದು ‘ನಾಗರಹಾವು’. ಹಾಜರಿ ಪುಸ್ತಕದಲ್ಲಿರುವ ಹೆಸರನ್ನು ಬಿಟ್ಟು ಬೇರೆ ಹೆಸರಿನಿಂದ ಯಾವ ಹುಡುಗನನ್ನೂ ಕರೆಯುವ ಮೊದಲು ಒಂದು ಗಳಿಗೆ ತಡೆಯುವುದನ್ನು ಅದು ಕಲಿಸುತ್ತದೆ.