ತಪ್ಪನ್ನು ತಿದ್ದಿಕೊಂಡ ಮಹಾಮೇಧಾವಿ

ಉತ್ತರಪತ್ರಿಕೆಯಲ್ಲಿ ಒಂದು ಲೆಕ್ಕ ತಪ್ಪಿದರೆ ಅದು ಯಾರ ಕಣ್ಣಿಗೂ ಬೀಳದಿರಲಿ ಎಂದು ಹಾರೈಸುವವರು ನಾವು. ಜಗತ್ತಿನ ಮುಂದೆ ತಪ್ಪಿ, ಜಗತ್ತಿನ ಮುಂದೆಯೇ ತಿದ್ದಿಕೊಂಡ ಗಣಿತಜ್ಞನೊಬ್ಬನ ಬಾಳನ್ನು ಇಲ್ಲಿ ಸ್ಮರಿಸೋಣ.

ಆನ್ರಿ ಪ್ವಾಂಕರೆ 1854ರ ಏಪ್ರಿಲ್ 29ರಂದು ಫ್ರಾನ್ಸಿನ ನಾನ್ಸಿ ನಗರದಲ್ಲಿ ಜನಿಸಿದನು. ತಂದೆ ವೈದ್ಯ. ಐದನೆಯ ವಯಸ್ಸಿನಲ್ಲಿ ಗಂಟಲಮಾರಿ ತಗಲಿ ಬಾಲಕನು ತಿಂಗಳುಗಟ್ಟಲೆ ಮಾತನ್ನೇ ಕಳೆದುಕೊಂಡನು. ದೃಷ್ಟಿ ಮಂದ, ಚಿತ್ರ ಬರೆಯಲು ಕೈ ಬಾರದು. ಆದರೂ 1873ರಲ್ಲಿ ಪ್ಯಾರಿಸಿನ ಎಕೋಲ್ ಪಾಲಿಟೆಕ್ನಿಕ್‌ಗೆ ಮೊದಲಿಗನಾಗಿ ಸೇರಿದನು. ಕೆಲಕಾಲ ಗಣಿ ಇಂಜಿನಿಯರಾಗಿದ್ದು, 1881ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ಅಧ್ಯಾಪಕನಾದನು.

1889ರಲ್ಲಿ ಗ್ರಹಗಳ ಚಲನೆಯನ್ನು ಕುರಿತ ಪ್ರಬಂಧಕ್ಕೆ ಸ್ವೀಡನ್ನಿನ ದೊರೆ ಆಸ್ಕರನ ಬಹುಮಾನ ದೊರೆಯಿತು. ಅಚ್ಚಾಗುವ ಹೊತ್ತಿನಲ್ಲಿ ಅದರಲ್ಲಿ ದೊಡ್ಡ ದೋಷವಿರುವುದು ಅವನಿಗೇ ಕಂಡಿತು. ಅದನ್ನು ಮುಚ್ಚಿಡದೆ ತಿಳಿಸಿ, ಪ್ರಬಂಧವನ್ನು ಹೊಸದಾಗಿ ಬರೆದು, ಮರುಮುದ್ರಣದ ವೆಚ್ಚವನ್ನೂ ತಾನೇ ತೆತ್ತನು. ಆ ವೆಚ್ಚ ಬಹುಮಾನದ ಹಣವನ್ನೂ ಮೀರಿತ್ತು!

1895ರಲ್ಲಿ ಅವನು ಟೋಪಾಲಜಿ ಎಂಬ ಶಾಸ್ತ್ರಕ್ಕೆ ಅಡಿಪಾಯ ಹಾಕಿದನು. ಆಕಾರಗಳನ್ನು ಬೀಜಗಣಿತದಿಂದ ಅರಿಯುವುದು ಅದರ ಹೊಸತನ. ಒಂದು ಬಿಂದುವಿನಿಂದ ಹೊರಟು ಮತ್ತೆ ಅಲ್ಲಿಗೇ ಮರಳುವ ದಾರಿಗಳನ್ನು ನೆನೆಯಿರಿ. ಒಂದರ ಬೆನ್ನಿಗೆ ಮತ್ತೊಂದನ್ನು ನಡೆದರೆ ಗುಣಾಕಾರ. ಬಂದ ದಾರಿಯಲ್ಲೇ ಹಿಂದಿರುಗಿದರೆ ವಿಲೋಮ. ಇದೇ ಗಣಿತಜ್ಞರ ಗ್ರೂಪ್.

ನಮ್ಮ ಪಾಳಾ ಕಡೆಯ ಮನೆಗಳಲ್ಲಿ ಕರಿಯುವ ಕೋಡುಬಳೆ ಯಾರಿಗೆ ಗೊತ್ತಿಲ್ಲ? ಅದರ ಹಿಟ್ಟು ಮೂರು ಆಯಾಮದ ಘನ. ಹೊರಮೈ ಅದರ ಎಲ್ಲೆ. ಎರಡು ಕೋಡುಬಳೆಗಳ ಹೊರಮೈಗಳನ್ನು ಪೂರ್ತಿಯಾಗಿ ಒಂದಕ್ಕೊಂದು ಅಂಟಿಸಬೇಕು. ಕೈಯಿಂದ ಅಸಾಧ್ಯ, ಮನಸ್ಸಿನಿಂದ ಸಾಧ್ಯ. ಆಗ ಎಲ್ಲೆಯೇ ಇಲ್ಲದ ಮೂರು ಆಯಾಮದ ಲೋಕವೊಂದು ಹುಟ್ಟುತ್ತದೆ. ಅಂಟಿಸುವ ಬಗೆ ಬದಲಾದರೆ ಲೋಕವೂ ಬೇರೆಯಾಗಬಹುದು. ಹೀಗೆ ಎರಡು ಹೋಳುಗಳಾಗಿ ನೋಡುವ ದಾರಿಯನ್ನು ತೋರಿದವನು ಡೆನ್ಮಾರ್ಕಿನ ತರುಣ ಹೀಗಾರ್ಡ್. 1898ರ ತನ್ನ ಪ್ರಬಂಧದಲ್ಲಿ ಅವನು ಪ್ವಾಂಕರೆಯ ಒಂದು ಪ್ರಮೇಯದಲ್ಲಿ ತಪ್ಪಿದೆಯೆಂದು ತೋರಿಸಿದನು.

ಕೀರ್ತಿಶಾಲಿಯಾದ ಪ್ವಾಂಕರೆ ಮುನಿಯಲಿಲ್ಲ, ತಿದ್ದುಪಡಿಗಳನ್ನು ಬರೆಯತೊಡಗಿದನು. 1900ರಲ್ಲಿ, ಕೆಲವು ಎಣಿಕೆಗಳು ಗೋಳದಂತೆಯೇ ಬಂದರೆ ಆ ಲೋಕವೂ ಗೋಳವೇ ಎಂದು ಸಾರಿದನು. ಇದೂ ತಪ್ಪು! ಈ ಸಲ ಅದನ್ನು ಮುರಿದವನು ಅವನೇ. 1904ರಲ್ಲಿ ಎರಡೆರಡು ತೂತುಗಳಿರುವ ಘನಗಳೆರಡನ್ನು ಅಂಟಿಸಿ, ಎಣಿಕೆಗಳೆಲ್ಲ ಗೋಳದವೇ ಆಗಿದ್ದರೂ ತಾನು ಗೋಳವಲ್ಲದ ಲೋಕವೊಂದನ್ನು ಕಟ್ಟಿದನು. ಅದರ ಗುಟ್ಟನ್ನು ಬಯಲು ಮಾಡಿದ್ದು ಮರಳಿ ಬರುವ ದಾರಿಗಳ ಗ್ರೂಪ್. ಹಾಗಾದರೆ ದಾರಿಗಳೆಲ್ಲವೂ ಕುಗ್ಗಿ ಬಿಂದುವಾಗುವ ಲೋಕ ಗೋಳವೇ ಆಗಿರಬೇಕೇ? ಈ ಪ್ರಶ್ನೆಯನ್ನು ಉತ್ತರಿಸದೆ ಬಿಟ್ಟನು.

1912ರ ಜುಲೈ 17ರಂದು, 58ನೆಯ ವಯಸ್ಸಿನಲ್ಲಿ, ಪ್ಯಾರಿಸಿನಲ್ಲಿ ಅವನು ತೀರಿಕೊಂಡನು. ಪ್ರಶ್ನೆ ಮಾತ್ರ ಉಳಿಯಿತು. 2002-03ರಲ್ಲಿ ರಷ್ಯದ ಪೆರೆಲ್ಮನ್ ಹೌದೆಂದು ಸಾಧಿಸಿದನು. ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು 2010ರಲ್ಲಿ ಬೇಡವೆಂದನು. ಎಲ್ಲೆಗಳುಳ್ಳ ಘನಗಳನ್ನು ಒಂದರ ತುದಿಗೊಂದು ಜೋಡಿಸಿ, ಆ ಜೋಡಣೆಯನ್ನೇ ಗುಣಾಕಾರವೆಂದು ಎಣಿಸುವ ಬೀಜಗಣಿತ ಇಂದು ಹೆಮ್ಮರವಾಗಿ ಬೆಳೆದಿದೆ.

1900ರ ತಪ್ಪನ್ನು ಅವನು ಮುಚ್ಚಿಟ್ಟಿದ್ದರೆ 1904ರ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಗೆಳೆಯರೇ, ಕೆಂಪು ಶಾಯಿಯ ಗುರುತು ಬಿದ್ದ ಪುಟವನ್ನು ಹರಿದೆಸೆಯುವ ಮೊದಲು ಇನ್ನೊಮ್ಮೆ ಓದೋಣ.